ತೊರಾಂಗಿ ಎಂಬ ಹೆಸರಿನ ಬೆನ್ನು ಹತ್ತಿ

ನನ್ನ ಹೆಂಡತಿ ಸಂಜೆ ಮಗಳನ್ನು ಮನೆಗೆ ಕರೆಯುವಾಗ ಮೂರು ಸಲ ಕರೆಯುತ್ತಾಳೆ. ಮೊದಲ ಕರೆಗೇ ಹುಡುಗಿ ಓಡಿಬಂದು ಹೊಸ್ತಿಲ ಮೇಲೆ ಏದುಸಿರು ಬಿಡುತ್ತ ನಿಂತಿದ್ದರೂ, ಅವಳ ತಲೆಯ ಮೇಲಿನಿಂದ ಬಯಲಿನತ್ತ ನೋಡುತ್ತ ಉಳಿದೆರಡು ಕರೆಗಳನ್ನೂ ಪೂರೈಸಿಯೇ ಒಳಗೆ ಬರುತ್ತಾಳೆ. ಇದು ಅವಳ ಗಂಟಲಿಗೆ ಹತ್ತಿದ ಚಾಳಿಯೆಂದು ನಾನು ಬಹುಕಾಲ ಸುಮ್ಮನಿದ್ದೆ. ಆದರೆ ದಾಂಡೇಲಿಯ ಕಾಗದದ ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಸೀನುವಷ್ಟು ಸಾಮೀಪ್ಯವಿರುವುದರಿಂದ, ಆ ಕರೆ ಇಡೀ ಸಾಲಿಗೆ ಕೇಳಿಸುತ್ತದೆ. ಹೊಸದಾಗಿ ಬಂದ ಪ್ರತಿಯೊಬ್ಬ ನೆರೆಯವನೂ ಮರುದಿನ ನನ್ನನ್ನು ಹಾದಿಯಲ್ಲಿ ತಡೆದು ಒಂದೇ ಪ್ರಶ್ನೆ ಕೇಳುತ್ತಾನೆ. ನನ್ನ ಮಗಳ ಹೆಸರು ತೊರಾಂಗಿ. ಹಾಗೆಂದರೆ ಏನು ಎಂಬುದೇ ಆ ಪ್ರಶ್ನೆ.

ಓದುಗ ಮಿತ್ರರೇ, ಸಂಸ್ಕೃತದ ಗಾಳಿ ತುಸು ಸೋಕಿಸಿಕೊಂಡವನಾದ ನಾನು ಬುದ್ಧಿ ನೆಟ್ಟಗಿದ್ದಾಗ ಮಗಳಿಗೆ ಇಂಥ ಹೆಸರಿಡುವವನಲ್ಲ. ಕಾರ್ಖಾನೆಯ ಆಫೀಸಿನಲ್ಲಿ ಕೆಲಸಗಾರರ ಹಾಜರಿ ನೋಡುವ ಗುಮಾಸ್ತನಾದ ನನ್ನ ಕಿವಿಗೆ ದಿನವಿಡೀ ಕಲ್ಲಪ್ಪ, ಮಲ್ಲಪ್ಪ, ಅಡಿವೆಪ್ಪರ ಹೆಸರುಗಳೇ ಬೀಳುತ್ತಿದ್ದುದರಿಂದ, ನನ್ನ ಮಕ್ಕಳಿಗಾದರೂ ಲಲಿತಪದಗಳ ಅಲಂಕಾರ ಇರಲೆಂದು ಆಸೆಪಟ್ಟಿದ್ದೆ. ಮೊದಲನೆಯದು ಹುಟ್ಟಿದಾಗ ಇಂದುಲೇಖಾ ಎನ್ನಲೋ ಮಂದಾಕಿನಿ ಎನ್ನಲೋ ಎಂದು ನಾನು ತೂಗಿನೋಡುತ್ತಿರುವಾಗಲೇ ಕೂಸು ಹೋಯಿತು. ಎರಡನೆಯದರ ಪಾಲಿಗೆ ಹೆಸರು ಯೋಚಿಸುವ ಧೈರ್ಯವೇ ಬರಲಿಲ್ಲ. ಅದೂ ತೊಟ್ಟಿಲು ಕಾಣಲಿಲ್ಲ. ನಮ್ಮಲ್ಲಿ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೇಳುವವರೆಗೆ ಹೆಸರೆಂಬುದು ಇಲ್ಲ. ಹೀಗಾಗಿ ಆ ಎರಡೂ ಹೆಸರಿಲ್ಲದೆ ಬಂದು ಹೆಸರಿಲ್ಲದೆ ಹೋದವು, ಮನೆಯಲ್ಲಿ ಅವುಗಳ ಮಾತೆತ್ತಬೇಕಾದರೆ ಯಾವ ಶಬ್ದದಿಂದ ಎತ್ತಬೇಕೆಂದು ನಮಗಿಬ್ಬರಿಗೂ ತಿಳಿಯುತ್ತಿರಲಿಲ್ಲ.

ಮೂರನೆಯ ಬಾಣಂತನಕ್ಕೆ ಧಾರವಾಡದ ಕಡೆಯಿಂದ ಬಂದ ನನ್ನ ತಾಯಿ ಬಾಗಿಲಲ್ಲೇ ನಿರ್ಬಂಧ ಹಾಕಿದಳು. “ಈ ಸಲ ನೀ ಬಾಯಿ ತಗೀಬ್ಯಾಡ. ನಿನ್ನ ಪುಸ್ತಕದ ಹೆಸರು ಯಮನ ಕಿವಿಗೆ ಲಗೂನ ಬೀಳ್ತಾವ. ಕೂಸಿನ್ನ ಮಾರಿ ಬಿಡೂಣು.” ಮಾರುವುದೆಂದರೆ ಗಾಬರಿಯಾಗಬೇಡಿ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲಾಚೆ ಇಡುತ್ತಾರೆ. ಪರಕೀಯಳೊಬ್ಬಳು ಹಿಡಿ ತೌಡು ಕೊಟ್ಟು ಅದನ್ನು ಕೊಂಡುಕೊಳ್ಳುತ್ತಾಳೆ. ಕೊಂಡವಳೇ ಹೆಸರಿಟ್ಟು, ಸಾಕಲೆಂದು ಮರಳಿ ತಾಯಿಯ ಮಡಿಲಿಗೆ ಹಾಕುತ್ತಾಳೆ. ಈ ಮನೆಯ ಮಗುವನ್ನು ಹುಡುಕಿಕೊಂಡು ಬಂದ ಮೃತ್ಯುವು, ಇದು ಈ ಮನೆಯದಲ್ಲ ಎಂದು ಹಿಂದಿರುಗಬೇಕೆಂಬುದು ಏರ್ಪಾಡು. ಯಮಧರ್ಮನಂಥ ಅನುಭವಿಯನ್ನು ಒಂದು ಹಿಡಿ ತೌಡಿನಿಂದ ಮೋಸಗೊಳಿಸಬಹುದೆಂದು ನಾನು ನಂಬಲಿಲ್ಲ. ಬೇಡವೆನ್ನುವುದಕ್ಕೂ ಬಾಯಿ ಬರಲಿಲ್ಲ.

ಕೊಂಡವಳು ಭಾಗೂಬಾಯಿ. ಕುಳಗಿಯ ಆಚೆ ಕಾಡಿನ ಅಂಚಿನಲ್ಲಿದ್ದ ಗೌಳಿವಾಡೆಯಿಂದ ನಮ್ಮ ಸಾಲಿಗೆ ದಿನವೂ ಎಮ್ಮೆಯ ಹಾಲು ತರುತ್ತಿದ್ದ, ಕಚ್ಚೆ ಸೀರೆಯ, ಎತ್ತರದ ಆಳು. ಅವಳ ಮನೆಮಾತು ಮರಾಠಿಯಂಥದು. ಕನ್ನಡವನ್ನು ಹಾಲಿಗೆ ನೀರು ಬೆರೆಸುವಷ್ಟು ಮಾತ್ರ ಬಳಸುತ್ತಿದ್ದಳು. ಹಾಲಿನ ಗಡಿಗೆ ಇಳಿಸಿ, ಮೊರದಿಂದ ಕೂಸನ್ನೆತ್ತಿ, “ಹೀ ಮಾಝೀ ಪೋರಗೀ. ಇದು ನಂದು. ನೀನು ಸಾಕು” ಎಂದು ನನ್ನ ಹೆಂಡತಿ ಶಾಂತಾಳಿಗೆ ಹೇಳಿದಳು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ರೂಢಿಯಷ್ಟೆ. ಅಂದು ಆ ಬೆನ್ನು ಭಾಗೂಬಾಯಿಯದಾಗಿತ್ತು, ಗುದ್ದಿದವರೇ ಕೈ ತಿಕ್ಕಿಕೊಂಡರು. ಆ ಗದ್ದಲದ ನಡುವೆ ತೊರಾಂಗಿ ಎಂಬ ಹೆಸರು ಈ ಲೋಕಕ್ಕೆ ಬಂತು. ಇಂದುಲೇಖಾ, ಮಂದಾಕಿನಿಯರು ನನ್ನೊಳಗೇ ಉಳಿದುಹೋದರು.

ಹುಡುಗಿ ಉಳಿದಳು. ದಡಾರ ಬಂದು ಹೋಯಿತು, ನಾಯಿಕೆಮ್ಮು ಬಂದು ಹೋಯಿತು, ತೊರಾಂಗಿ ಮಾತ್ರ ಎಲ್ಲಕ್ಕೂ ಎದೆಯೊಡ್ಡಿ ದುಂಡಗಾಗುತ್ತ ಹೋದಳು. ಸುದ್ದಿ ಹಬ್ಬಲು ಎಷ್ಟು ಹೊತ್ತು? ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಚಿಗಳ್ಳಿಯವನೊಬ್ಬ ತನ್ನ ಮಗಳಿಗೆ ಅದೇ ಹೆಸರಿಟ್ಟ. ತೇರಗಾಂವದಲ್ಲಿ ಇನ್ನೊಬ್ಬಳು ತೊರಾಂಗಿ ಹುಟ್ಟಿದಳು. ಮತ್ತೊಂದು ಮನೆಯಲ್ಲಿ ಗಂಡು ಹುಟ್ಟಲು, ಅವರು ಹಿಂಜರಿಯದೆ ತೊರಾಂಗೆಪ್ಪ ಎಂದು ಕರೆದುಬಿಟ್ಟರು. ಯಾರೊಬ್ಬರಿಗೂ ಅರ್ಥದ ಚಿಂತೆ ಇರಲಿಲ್ಲ. ಅದು ನನಗೊಬ್ಬನಿಗೇ ಅಂಟಿಕೊಂಡ ರೋಗ.

ನಾನು ಬಲ್ಲವರನ್ನು ಕೇಳತೊಡಗಿದೆ. ನಮ್ಮ ಶಾಲೆಯ ಹೆಡ್‌ಮಾಸ್ತರರು ಕಣ್ಣು ಮುಚ್ಚಿ ತೆರೆದು, ಇದು ತುರಂಗದಿಂದ ಬಂದದ್ದು, ಅಶ್ವವೇಗವುಳ್ಳವಳೆಂದು ಅರ್ಥ ಎಂದರು. ಹಳಿಯಾಳದ ಪುರೋಹಿತರು ಅದೊಂದು ಗ್ರಾಮದೇವತೆಯ ಹೆಸರಿರಬೇಕೆಂದರು, ಯಾವ ಗ್ರಾಮದ್ದೆಂದು ಕೇಳಿದ್ದಕ್ಕೆ ದಕ್ಷಿಣೆಯ ಕಡೆ ನೋಡಿದರು. ಜೋಯಿಡಾದ ಕಡೆಯ ಕೊಂಕಣಿ ಮಾತಿನ ಸಹೋದ್ಯೋಗಿಯೊಬ್ಬ ತಮ್ಮಲ್ಲಿ ಆ ಹೆಸರಿನ ಹೂವಿದೆ ಎಂದು ಆಣೆಯಿಟ್ಟು ಹೇಳಿ, ಮಧ್ಯಾಹ್ನದ ಚಹಾದ ಹೊತ್ತಿಗೆ ಬಂದು, ಹೂವಲ್ಲ, ಮೀನು ಎಂದ. ಅಶ್ವ, ದೇವತೆ, ಹೂವು, ಮೀನು ನಾಲ್ಕನ್ನೂ ತಲೆಯಲ್ಲಿಟ್ಟುಕೊಂಡು ಮಗಳ ಮುಖ ನೋಡಿದರೆ ಯಾವುದೂ ಹೊಂದುತ್ತಿರಲಿಲ್ಲ, ಎಲ್ಲವೂ ಸ್ವಲ್ಪ ಸ್ವಲ್ಪ ಹೊಂದಿದಂತೆಯೂ ಕಾಣುತ್ತಿತ್ತು. ಸ್ವತಃ ಭಾಗೂಬಾಯಿಯನ್ನು ಕೇಳಿದರೆ, “ಅರ್ಥ? ಹೆಸರು ಅದು” ಎಂದು ಗಡಿಗೆ ಎತ್ತಿಕೊಂಡು ನಡೆಯುತ್ತಿದ್ದಳು.

ಹುಡುಗಿಯನ್ನು ಶಾಲೆಗೆ ಸೇರಿಸುವ ವರ್ಷ ನನ್ನ ಹಳೆಯ ಆಸೆ ಮತ್ತೆ ತಲೆಯೆತ್ತಿತು. ಮನೆಯಲ್ಲಿ ಏನಾದರೂ ಕರೆಯಿರಿ, ಶಾಲೆಯಲ್ಲಿ ಮಂದಾಕಿನಿ ಎಂದಿರಲಿ ಎಂದು ಹೆಡ್‌ಮಾಸ್ತರರೂ ಹುರಿದುಂಬಿಸಿದರು. ಶಾಂತಾಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹೆಸರು ಮುಟ್ಟಬ್ಯಾಡ್ರಿ. ಹಡದಾಕಿ ನಾ ಖರೆ, ಆದ್ರ ಆಕಿ ನಮ್ಮಾಕಿ ಅಲ್ಲ. ಕೊಂಡಾಕೀನ್ನ ಕೇಳದ ಹೆಂಗ ಬದಲಿ ಮಾಡ್ತೀರಿ? ಏನರ ಆದ್ರ ಯಾರಿಗೆ ಹೇಳೂಣು?” ನಾನು ಅವಳಿಗೆ ವಿಚಾರವಾದವನ್ನು ಬೋಧಿಸಲು ಬಾಯಿ ತೆರೆದೆ. ಹೊರಬಂದದ್ದು, ಹಾಗಾದರೆ ಅವಳನ್ನೇ ಕೇಳೋಣ ಎಂಬ ಮಾತು. ಹೆಸರು ಕಾಯುತ್ತದೆಂದು ನಂಬುವವನಲ್ಲ ನಾನು. ಆದರೆ ತೆಗೆದು ನೋಡೋಣವೆನ್ನುವ ಗುಂಡಿಗೆಯೂ ನನಗಿರಲಿಲ್ಲ. ನಂಬಿಕೆ, ಅಪನಂಬಿಕೆಗಳ ಈ ಹುಳಿಮಜ್ಜಿಗೆಗೆ ಯಾವ ಶಾಸ್ತ್ರದಲ್ಲಿ ಏನು ಹೆಸರಿದೆಯೋ ನಾನರಿಯೆ.

ಕಡೆಗೆ ಒಡತಿಯ ಅಪ್ಪಣೆ ಕೇಳಲೆಂದು ನಾವು ಮೂವರೂ ಗೌಳಿವಾಡೆಗೆ ಹೋದೆವು. ಹೊತ್ತು ಇಳಿಯುತ್ತಿತ್ತು. ಭಾಗೂಬಾಯಿ ದೊಡ್ಡಿಯ ಬಾಗಿಲಲ್ಲಿ ನಿಂತು, ಕಾಡಿನ ಕಡೆ ಮುಖಮಾಡಿ, ಬಾಯಿಗೆ ಕೈಯಡ್ಡ ಹಿಡಿದು ಉದ್ದಕ್ಕೆ ಕೂಗಿದಳು: “ತೊರಾಂಗೀ...” ನನ್ನ ಮಗಳು ಓ ಎಂದಳು. ಅದೇ ಹೊತ್ತಿಗೆ ಮತ್ತಿಮರಗಳ ನಡುವಿನಿಂದ ಬಿಲ್ಲುಕೊಂಬಿನ ದೊಡ್ಡ ಎಮ್ಮೆಯೊಂದು ತಲೆಯೆತ್ತಿ ಇವಳಿಗಿಂತ ಗಂಭೀರವಾಗಿ ಓಗೊಟ್ಟಿತು. ಹುಡುಗಿ ಮತ್ತು ಎಮ್ಮೆ ಪರಸ್ಪರ ನೋಡಿಕೊಂಡವು. ಅಶ್ವವೇಗದಿಂದ ಹೊರಟ ನನ್ನ ನಿರುಕ್ತ ಬಂದು ನಿಂತದ್ದು ಇಲ್ಲಿ.

ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಭಾಗೂಬಾಯಿಗೆ ಮಾತ್ರ ಇದರಲ್ಲಿ ಮುಚ್ಚಿಡುವಂಥದು ಏನೂ ಕಾಣಲಿಲ್ಲ. ದೊಡ್ಡ ರೋಗ ಬಂದ ವರ್ಷ ವಾಡೆಯ ದೊಡ್ಡಿಗಳೆಲ್ಲ ಬರಿದಾಗಿ, ಇವಳ ಅತ್ತೆಯ ದೊಡ್ಡಿಯಲ್ಲಿ ಒಂದೇ ಒಂದು ಕರು ಉಳಿದಿತ್ತಂತೆ, ಅದು ತೊರಾಂಗಿ. ತನಗೆ ಗೊತ್ತಿದ್ದ ಅತಿ ಗಟ್ಟಿ ಜೀವದ ಹೆಸರನ್ನು ಅವಳು ನನ್ನ ಮಗಳಿಗೆ ಕೊಟ್ಟಿದ್ದಳು. ಹಾಗಾದರೆ ಆ ಕರು ಇದೇನಾ ಎಂದು ನಾನು ಕೇಳಿದ್ದಕ್ಕೆ ನನ್ನನ್ನು ದಡ್ಡನಂತೆ ನೋಡಿದಳು. “ಇದು ಅಲ್ಲ ಬಾಬಾ. ಇದರ ಅವ್ವನ ಅವ್ವ. ಎಮ್ಮಿ ಸಾಯ್ತದ, ಹೆಸರು ಸಾಯಲ್ಲ. ಒಂದು ಹೋದ್ರ ಅದರ ಕರಕ್ಕ ಕೊಡ್ತೀವಿ.”

ಉಳಿದ ಎಮ್ಮೆಗಳಿಗೇನು ಹೆಸರೆಂದು ಶಾಂತಾ ಮೆಲ್ಲಗೆ ಕೇಳಿದಳು.

“ಎಲ್ಲಕ್ಕೂ ಎಲ್ಲಿಂದ ಬರಬೇಕು ಬಾಯಿ? ಸಂಜಿಗೆ ಇದೊಂದನ್ನ ಕರೀತೀವಿ. ಇದು ಬಂತಂದ್ರ ಹೆಸರಿಲ್ಲದವು ಸುದ್ದಾ ಇದರ ಹಿಂದ ಮನೀಗೆ ಬರ್ತಾವ.” ಮಾತು ಮುಗಿಯುವಷ್ಟರಲ್ಲಿ ಹಿಂಡು ಒಂದರ ಹಿಂದೊಂದು ಮರಗಳಿಂದ ಹೊರಬಿದ್ದು ದೊಡ್ಡಿಯೊಳಗೆ ನಡೆಯಿತು. ಕಡೆಯ ಕರು ಒಳಸೇರುವವರೆಗೂ ಶಾಂತಾ ಅಲ್ಲಿಂದ ಕದಲಲಿಲ್ಲ. ಬದಲಿಸುವ ಅಪ್ಪಣೆಯನ್ನು ಕೇಳಲು ನಾನು ಮರೆತೇಬಿಟ್ಟೆ. ಮರುದಿನ ಶಾಲೆಯಲ್ಲಿ ತೊರಾಂಗಿ ಎಂದೇ ಬರೆಸಿ, ಹೆಡ್‌ಮಾಸ್ತರರ ಕುದುರೆಯೇ ಸರಿಯೆಂದು ಒಪ್ಪಿಕೊಂಡು ಅವರನ್ನು ಸಂತೋಷಪಡಿಸಿದೆ. ಹೊಸ ನೆರೆಯವರಿಗೆ ಇಂದಿಗೂ ಕುದುರೆಯನ್ನೇ ಹೇಳುತ್ತೇನೆ, ಮಗಳು ಹಿಂದಿನಿಂದ ಹೋಗಿ ಎಮ್ಮೆಯೆಂದು ತಿದ್ದಿ ಬರುತ್ತಾಳೆ.

ಮೊನ್ನೆ ಶಾಂತಾ ಪಕ್ಕದ ಮನೆಯ ಅರಿಷಿಣ ಕುಂಕುಮಕ್ಕೆ ಹೋಗಿದ್ದಳು, ಹುಡುಗಿಯನ್ನು ಕರೆಯುವ ಪಾಳಿ ನನಗೆ ಬಂತು. ಬಾಗಿಲಲ್ಲಿ ನಿಂತು ತೊರಾಂಗಿ ಎಂದು ಕೂಗಿದೆ. ಅವಳು ಬಂದಳು. ಆಗ ಅದೆಲ್ಲಿಂದಲೋ ಹೊಳೆಯಿತು: ಹೆಂಡತಿಯ ಈ ಚಾಳಿ ಮೊದಲಿರಲಿಲ್ಲ, ಗೌಳಿವಾಡೆಗೆ ಹೋಗಿಬಂದ ಸಂಜೆಯಿಂದ ಹತ್ತಿದ್ದು. ಇಷ್ಟು ವರ್ಷ ಆ ಹೆಸರಿನ ಅರ್ಥವನ್ನು ಊರೆಲ್ಲ ಹುಡುಕಿದ ನಾನು, ದಿನವೂ ನನ್ನ ಬಾಗಿಲಲ್ಲೇ ಅದನ್ನು ಕೂಗಿ ಹೇಳುತ್ತಿದ್ದವಳ ದನಿಗೆ ಕಿವಿಗೊಟ್ಟಿರಲಿಲ್ಲ. ಇದರಲ್ಲಿ ನನಗೆ ನಂಬಿಕೆ ಇದೆಯೋ ಇಲ್ಲವೋ ಈಗಲೂ ಹೇಳಲಾರೆ. ಆದರೆ ಮಗಳ ತಲೆಯ ಮೇಲಿನಿಂದ ಬಯಲಿನತ್ತ ನೋಡಿ ಇನ್ನೊಮ್ಮೆ ಕರೆದೆ, ಮತ್ತೊಮ್ಮೆ ಕರೆದೆ.

“ಬಂದೀನಲ್ಲಪ್ಪಾ, ಇನ್ನ ಯಾರನ್ನ ಕರ್ಯಾಕತ್ತೀ?” ಎಂದಳು ತೊರಾಂಗಿ.

“ನೀ ಮುಂದ ನಡಿ ಅವ್ವಾ” ಎಂದೆ. “ಬಾಗಲಾ ಹಾಕಬ್ಯಾಡ, ಸ್ವಲ್ಪ ಹೊತ್ತು ಹಂಗ ತೆರದಿರ್ಲಿ.”