ಇಪ್ಪತ್ತನೆಯ ಕೊಂಡಿ

ಆ ಪುಟದಲ್ಲಿ ನನ್ನ ಹೆಸರು ಇರಲಿಲ್ಲ. ಹಾಕುವುದು ಬೇಡವೆಂದು ನಾನೇ ಹೇಳಿದ್ದೆ. ಆದರೆ ಅದರ ಒಂದೊಂದು ಸಾಲೂ ನನ್ನದು. ಅದನ್ನು ಕೆಡಿಸಲು ನಾನು ಬಿಡಲಿಲ್ಲ.

ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದಿ ಬಂದು ತಿಪಟೂರಿನ ಒಂದು ಇಂಟರ್ನೆಟ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಮಾಲೀಕರು ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು. ಆರು ಕಂಪ್ಯೂಟರು ಬಂದ ಮೇಲೂ ಅಂಗಿಯ ಜೇಬಿನಲ್ಲಿ ಟೆಸ್ಟರ್ ಇದ್ದೇ ಇರುತ್ತಿತ್ತು. ಊರಿನ ಮಂಡಿಯವರಿಗೆಲ್ಲ ವೆಬ್‌ಸೈಟ್ ಮಾಡಿಕೊಡಬೇಕೆಂಬುದು ಅವರ ಆಸೆ. ಮಾದರಿಗಿರಲೆಂದು ತೆಂಗಿನ ಬಗ್ಗೆ ಸೆಂಟರಿನದೇ ಒಂದು ವೆಬ್‌ಸೈಟ್ ಮಾಡಿದೆವು. ಅದರಲ್ಲಿ ನಾನು ಕೇಳಿ ತೆಗೆದುಕೊಂಡದ್ದು ಯಾರಿಗೂ ಬೇಡವಾಗಿದ್ದ ಪುಟ: ಬೇರೆಯವರ ಪುಟಗಳಿಗೆ ಕೊಂಡಿಗಳು, ಅಂದರೆ ಲಿಂಕುಗಳು.

"ಅರೆ, ನಮ್ಮಂಗ್ಡಿ ಬಾಗ್ಲಲ್ಲಿ ನಿಂತ್ಕಂಡು ಪಕ್ಕದಂಗ್ಡಿಗೆ ದಾರಿ ತೋರುಸ್ತೀಯಲ್ಲಮ್ಮ" ಎಂದು ಮಾಲೀಕರು ನಕ್ಕರು.

ಆಗ ಎಲ್ಲೆಲ್ಲೂ ನುಸಿ ಕಾಟ. ಎಳೆಗಾಯಿಯ ಮೇಲೆ ಕಂದು ಕಲೆ ಬಿದ್ದು ಕಾಯಿ ಸುರುಟಿಕೊಳ್ಳುತ್ತಿತ್ತು. ಬಿಳಿಗೆರೆಯಲ್ಲಿದ್ದ ನಮ್ಮ ದೊಡ್ಡಮ್ಮನ ತೋಟವನ್ನೂ ಅದು ಬಿಟ್ಟಿರಲಿಲ್ಲ. ಜನ ಅಂಥ ಕಾಯಿಯನ್ನೇ ಕೈಯಲ್ಲಿ ಹಿಡಿದು ಸೆಂಟರಿಗೆ ಬಂದು, "ಇದಕ್ಕೇನ್ ಔಸ್ದಿ ಅಂತ ನಿಮ್ ಕಂಪ್ಯೂಟ್ರು ಹೇಳ್ತದಾ?" ಎಂದು ಕೇಳುತ್ತಿದ್ದರು. ಹೇಳುತ್ತಿತ್ತು. ನೂರು ಥರ ಹೇಳುತ್ತಿತ್ತು. ಯಾವುದನ್ನು ನಂಬಬೇಕು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಆ ಕೆಲಸ ನಾನು ಮಾಡಿದೆ. ಫೋನ್ ಲೈನಿನಲ್ಲಿ ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಆರಿರುತ್ತಿತ್ತು. ಆದರೂ ಪ್ರತಿ ಪುಟವನ್ನೂ ಕೊನೆಯವರೆಗೆ ಓದಿದೆ. ದೊಡ್ಡಮ್ಮನ ಅಟ್ಟದ ಮೇಲೆ ಸುಮಾರು ಒಂದು ವರ್ಷ ಒಣಗಿದ ಕಾಯಿಗಳನ್ನು ಇಳಿಸುವಾಗ ಅವಳು ಒಂದೊಂದನ್ನೂ ಕಿವಿಯ ಬಳಿ ಅಲ್ಲಾಡಿಸುತ್ತಿದ್ದಳು. ಒಳಗೆ ಕೊಬ್ಬರಿ ಬಿಟ್ಟುಕೊಂಡು ಗಡಗಡ ಎಂದರೆ ಕೆಳಕ್ಕೆ. ನೀರಿನ ಸದ್ದು ಕೇಳಿದರೆ ಮತ್ತೆ ಅಟ್ಟಕ್ಕೇ. "ಬಿರ್ಬಿರ್ನೆ ಇಳುಸ್ಬೇಡ ಕಣೇ, ಕೇಳುಸ್ಕಂಡು ಇಳ್ಸು" ಎಂದು ನನಗೂ ಗದರುತ್ತಿದ್ದಳು. ನೂರಕ್ಕೂ ಹೆಚ್ಚು ಪುಟ ಅಲ್ಲಾಡಿಸಿ ನೋಡಿ ಹತ್ತೊಂಬತ್ತನ್ನು ಉಳಿಸಿಕೊಂಡೆ. ಪ್ರತಿ ಕೊಂಡಿಯ ಕೆಳಗೆ ಒಂದು ಸಾಲು ಇಂಗ್ಲಿಷಿನಲ್ಲಿ, ಒಂದು ಸಾಲು ಕನ್ನಡದಲ್ಲಿ: ಇದರಲ್ಲಿ ಏನಿದೆ, ಏನಿಲ್ಲ.

ಕೆಲವು ತಿಂಗಳಲ್ಲಿ ನಾವು ಕೇಳದೆಯೇ ಬೇರೆಯವರು ಆ ಪುಟಕ್ಕೆ ಕೊಂಡಿ ಹಾಕತೊಡಗಿದರು. ಕೇರಳದ ಒಬ್ಬ ಕೃಷಿ ಅಧ್ಯಾಪಕರು, ಶ್ರೀಲಂಕಾದ ಒಂದು ತೋಟದವರು, ಹೀಗೆ. ನಂಬಿಕಸ್ತ ಪುಟಗಳು ಯಾವುದರ ಕಡೆ ಬೆರಳು ತೋರಿಸುತ್ತವೋ ಅದನ್ನು ಸರ್ಚ್ ಇಂಜಿನ್ ಮೇಲಕ್ಕೆ ತರುತ್ತದೆ. ಒಂದು ದಿನ ತೆಂಗಿನ ನುಸಿ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ನಮ್ಮ ಪುಟ ಎರಡನೆಯದಾಗಿ ನಿಂತಿತ್ತು. ಮಾಲೀಕರು ಪಕ್ಕದ ಟೈಲರನ್ನೂ ಕರೆದು ತೋರಿಸಿದರು. ಸೆಂಟರಿನ ಉಳಿದ ಪುಟಗಳೂ ಅದರ ಹಿಂದೆಯೇ ಮೇಲೆ ಬಂದವು.

ಆಮೇಲೆ ಮೇಲ್‌ಗಳು ಶುರುವಾದವು. ನೀವು ನಮ್ಮ ಕೊಂಡಿ ಹಾಕಿ, ನಾವು ನಿಮ್ಮದು ಹಾಕುತ್ತೇವೆ. ಹೋಟೆಲಿನವರು, ಜೂಜಿನವರು, ಕೂದಲು ಬೆಳೆಸುವವರು.

"ಮುಯ್ಯಾಳು ಕಣಮ್ಮ ಇದು" ಎಂದರು ಮಾಲೀಕರು. "ಇವತ್ತು ಅವ್ರ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ಅವ್ರು. ತೆಪ್ಪೇನು?"

"ಮುಯ್ಯಾಳಿಗೆ ಬಂದವ್ರು ಕಳೆ ಕಿತ್ತು ಹೋಗ್ತಾರೆ ಸಾರ್. ಇವ್ರು ಬಿತ್ತಿ ಹೋಗ್ತಾರೆ."

ಅವರು ಅಂದು ನಕ್ಕು ತಮ್ಮ ಟೇಬಲ್ಲಿಗೆ ಹೋದರು. ಆದರೆ ನಾನು ಎರಡು ದಿನ ರಜೆ ಹಾಕಿ ಬಂದಾಗ ನನ್ನ ಹತ್ತೊಂಬತ್ತರ ತಲೆಯ ಮೇಲೆ ಹೊಸದೊಂದು ಕೊಂಡಿ ಕೂತಿತ್ತು. ನುಸಿಗೆ ಔಷಧಿ ಮಾರುವ ಒಂದು ಕಂಪನಿಯದು. ಕೆಳಗೆ "ಎಲ್ಲಕ್ಕಿಂತ ಉತ್ತಮ" ಎಂದು ನನ್ನ ಸಾಲುಗಳ ಅಕ್ಷರದಲ್ಲೇ ಬರೆದಿತ್ತು.

ಆ ಪುಟವನ್ನು ನಾನು ಓದಿ ಬೇಡವೆಂದು ಬಿಟ್ಟಿದ್ದೆ. ಬೇರಿಗೆ ಔಷಧಿಯ ಚೀಲ ಕಟ್ಟುವುದು ಹೇಗೆಂದು ಅದರಲ್ಲಿ ಚಿತ್ರ ಸಮೇತ ಇತ್ತು. ಕಟ್ಟಿದ ಮೇಲೆ ಎಷ್ಟು ದಿನ ಆ ಮರದ ಕಾಯಿ ಕೀಳಬಾರದು ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಔಷಧಿ ಬೇರಿನಿಂದ ಕಾಯಿಗೂ ಏರುತ್ತದೆ. ದೊಡ್ಡಮ್ಮನ ಮನೆಯಲ್ಲಿ ಬಂದವರಿಗೆಲ್ಲ ಮೊದಲು ಎಳನೀರು.

ಕೊಂಡಿ ತೆಗೆದುಹಾಕಿದೆ. ಮರುದಿನ ಅದು ಮತ್ತೆ ಅಲ್ಲೇ ಇತ್ತು. ಮತ್ತೆ ತೆಗೆದೆ. ಮೂರನೆಯ ಸಲ ಮಾಲೀಕರು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಅವರು ನೋಡುತ್ತಿರುವಂತೆಯೇ ತೆಗೆದೆ.

"ನೋಡಮ್ಮ, ಸೆಂಟರ್ ನಂದು. ಇಷ್ಟ ಇಲ್ದಿದ್ರೆ ನಾಳೆಯಿಂದ ಬರ್ಬೇಡ."

"ಆಗ್ಲಿ. ಆ ಹತ್ತೊಂಬತ್ತು ಸಾಲೂ ತೆಗೆದು ಹೋಗ್ತೀನಿ. ಪುಟಕ್ಕೆ ಕೊಂಡಿ ಹಾಕಿದಾರಲ್ಲ, ಅವ್ರಿಗೆಲ್ಲ ಯಾಕೆ ಅಂತ ಕಾಗದ ಬರೀತೀನಿ."

ನಾನು ಅಲ್ಲಿ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅವರು ಟೆಸ್ಟರನ್ನು ಜೇಬಿನಿಂದ ತೆಗೆದರು, ಮತ್ತೆ ಒಳಗಿಟ್ಟರು. ಪುಟ ಯಾಕೆ ಮೇಲೆ ಬಂತೆಂದು ಅವರಿಗೂ ಗೊತ್ತಿತ್ತು. ಮರುದಿನ ನಾನು ಎಂದಿನ ಹೊತ್ತಿಗೇ ಹೋದೆ. ಕೊಂಡಿ ವಾಪಸು ಬಂದಿರಲಿಲ್ಲ.

ಒಂದು ವಾರವಾಗಿರಬಹುದು. ಮಾಲೀಕರು ಫೋನಿನ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂಗಿದರು: "ಕಂಪ್ನಿಯವ್ರು ಕಣಮ್ಮ. ಆ ಹುಡ್ಗಿಗೆ ಏನು ಬೇಕು, ಕೇಳಿ ಅಂತವ್ರೆ."

"ಒಂದು ಸಾಲು" ಎಂದೆ.

"ಹಾಂ?"

"ಔಷಧಿ ಕಟ್ಟಿದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಅಂತ ಅವ್ರ ಪುಟದಲ್ಲಿ ಒಂದು ಸಾಲು ಬರೀಲಿ."

ಅವರು ಅದನ್ನೇ ಫೋನಿಗೆ ಹೇಳಿದರು. ಆ ಕಡೆಯವರಿಗೆ ನಂಬಿಕೆ ಬರಲಿಲ್ಲವೇನೋ. "ಅಷ್ಟೇಯಂತೆ ಕಣ್ರೀ! ಬೇರೇನೂ ಬೇಡ್ವಂತೆ!" ಎಂದು ಎರಡೆರಡು ಸಲ ಕೂಗಬೇಕಾಯಿತು.

ಆಮೇಲೆ ದಿನವೂ ಆ ಪುಟ ತೆರೆದು ನೋಡುತ್ತಿದ್ದೆ. ತಿಂಗಳು ತುಂಬುವ ಮೊದಲು ಸಾಲು ಬಂತು, ಪುಟದ ತೀರ ಕೆಳಗೆ, ಸಣ್ಣ ಅಕ್ಷರದಲ್ಲಿ. ಅಲ್ಲಿದ್ದ ದಿನದ ಲೆಕ್ಕವನ್ನು ಇನ್ನೆರಡು ಪುಟಗಳ ಜೊತೆ ತಾಳೆ ನೋಡಿದೆ. ಸರಿಯಿತ್ತು. ಅಂದೇ ಕೊಂಡಿ ಹಾಕಿ ಕೆಳಗೆ ಬರೆದೆ: "ಮರಕ್ಕೆ ಔಷಧಿ ಕಟ್ಟಿದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಎಂಬುದು ಈ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆ. ಮೊದಲು ಅದನ್ನು ಓದಿ."

ಮಾಲೀಕರು ಬಗ್ಗಿ ಪರದೆ ನೋಡಿದರು. "ಇಪ್ಪತ್ತನೇದಾಗಿ ಹಾಕಿದ್ದೀಯಲ್ಲಮ್ಮ. ಕೇಳಿದ್ದು ಬರ್ದವ್ರೆ, ಇನ್ನಾದ್ರೂ ಒಸಿ ಮೇಲಕ್ಕೆ ತರ್ಬಾರ್ದಾ?"

"ಅವ್ರು ಆ ಸಾಲನ್ನ ಮೇಲಕ್ಕೆ ತರ್ಲಿ ಸಾರ್. ಆಗ ನಾನೂ ತರ್ತೀನಿ."