ರತ್ನಾಬಾಯಿಯ ಸವಳು ಹೊಲ

ಸಾಂಗ್ಲಿ ಪೇಟೆಯಿಂದ ಕೃಷ್ಣಾ ಹೊಳೆ ದಾಟಿದರೆ ಸಿಗುವ ಸಾಂಗ್ಲಿವಾಡಿಯಲ್ಲಿ ರತ್ನಾಬಾಯಿಯ ಹೊಲಕ್ಕೆ ಜನ ಇಟ್ಟ ಹೆಸರು ಉಪ್ಪಿನ ಅಂಗಡಿ. ಬೇಸಿಗೆ ಬಂತೆಂದರೆ ನೆಲವೆಲ್ಲ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗುತ್ತಿತ್ತು. ಒಂದು ಕಾಲಕ್ಕೆ ಅದೇ ಹೊಲದ ಕಬ್ಬಿನಲ್ಲಿ ಎಮ್ಮೆ ಹೊಕ್ಕರೆ ಹುಡುಕಿ ತರುವುದು ಕಷ್ಟವಿತ್ತು. ಕೃಷ್ಣೆಯ ನೀರು ಮೋಟರಿನಿಂದ ಏರಿ ಬಂದ ಮೇಲೆ ಎಲ್ಲರೂ ಕಬ್ಬಿಗೆ ಕೈಬಿಚ್ಚಿ ನೀರು ಹಾಯಿಸಿದರು. ಆ ನೀರು ಹರಿದು ಹೋಗಲು ದಾರಿ ಸಿಗದೆ ನೆಲದೊಳಗೇ ನಿಂತಿತು, ಉಪ್ಪನ್ನು ಮೇಲಕ್ಕೆ ತಂದಿತು.

ಹೊಲ ರತ್ನಾಬಾಯಿಗೆ ತಂದೆಯಿಂದ ಬಂದದ್ದು. ಗಂಡ ಬಾಪೂಸಾಹೇಬರು ಮನೆ ಅಳಿಯನಾಗಿ ಬಂದವರು. ದುಡಿಯಲು ಗಟ್ಟಿ, ಮಾತಿಗೆ ಹಿಂಜರಿಕೆ.

"ಪ್ಲಾಟ್ ಮಾಡವ್ರು ಕೇಳಾಕತ್ತಾರ. ಊರು ಹೊಳಿ ದಾಟಿ ಈ ಕಡೆ ಬರಾಕತ್ತೈತಿ. ಕೊಟ್ಟು ಬಿಡೂಣಲ್ಲ?" ಎಂದರು ಅವರು ಒಂದು ದಿನ.

"ಮಾರಿ ಬಂದ ರೊಕ್ಕ ಯಾವ ಮಳಿಗೆ ಚಿಗಿತೈತ್ರಿ?" ಎಂದಳು ರತ್ನಾಬಾಯಿ.

ತೊಂಬತ್ತೈದರ ಬೇಸಿಗೆಯಲ್ಲಿ ಕೃಷಿ ಇಲಾಖೆಯ ಛಾಯಾ ಎಂಬ ಹುಡುಗಿ ಊರಿಗೆ ಬಂದಳು. ಮಿರಜದವಳು, ಮನೆಮಾತು ಮರಾಠಿ, ಅಜ್ಜಿಯಿಂದ ಕಲಿತ ತುಂಡು ಕನ್ನಡ. ರತ್ನಾಬಾಯಿಯ ಹೊಲದಲ್ಲಿ ಕುಣಿ ತೋಡಿಸಿ ನೋಡಿದರೆ ಸೊಂಟದಾಳಕ್ಕೇ ನೀರು ಒಸರಿತು.

"ಮಾವಶಿ, ಭೂಮಿ ಸತ್ತಿಲ್ಲ. ಕುಡಿದು ಕುಡಿದು ಹೊಟ್ಟಿ ಉಬ್ಬೈತಿ, ಅಷ್ಟ," ಎಂದಳು ಛಾಯಾ.

ಸರಕಾರದ ಹೊಸ ಯೋಜನೆಯನ್ನೂ ಅವಳೇ ವಿವರಿಸಿದಳು. ತೂತು ಕೊರೆದ ಪೈಪುಗಳನ್ನು ನೆಲದೊಳಗೆ ಹೂಳಿ, ನಿಂತ ನೀರನ್ನು ಹಳ್ಳಕ್ಕೆ ಹರಿಸುವುದು. ಪೈಪು ಸರಕಾರದ್ದು, ಅಗೆಯುವ ಕೂಲಿ ರೈತರದು. ಆದರೆ ಒಬ್ಬರ ಹೊಲಕ್ಕೆ ಮಾತ್ರ ಕೊಡುವಂತಿಲ್ಲ. ಹಳ್ಳದವರೆಗಿನ ಎಲ್ಲ ಹೊಲದವರೂ ಒಪ್ಪಬೇಕು.

ರತ್ನಾಬಾಯಿ ಮನೆಮನೆಗೆ ಹೋದಳು. ಪಕ್ಕದ ಅಪ್ಪಣ್ಣ ಗೊಣಗುತ್ತಲೇ ಒಪ್ಪಿದ, ಉಳಿದವರು ಅವನನ್ನು ನೋಡಿ ಒಪ್ಪಿದರು. ಉಳಿದದ್ದು ಹಳ್ಳದ ದಂಡೆಯ ತುಂಡು ಒಂದೇ. ಅದನ್ನು ಸಾಂಗ್ಲಿ ಪೇಟೆಯ ಅರಿಶಿನ ವ್ಯಾಪಾರಿ ಗುರುಬಸಪ್ಪ ಮನೆ ಪ್ಲಾಟುಗಳಿಗೆಂದು ಕೊಂಡಿದ್ದ. ಪೈಪಿನ ಬಾಯಿ ಬರಬೇಕಾದದ್ದು ಅವನ ಜಾಗದಲ್ಲೇ.

ಅಂಗಡಿಗೆ ಹೋದ ರತ್ನಾಬಾಯಿಯನ್ನು ಅವನು ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದ. "ಮನಿ ಕಟ್ಟೋ ಜಾಗಾದಾಗ ಗಟಾರ ಯಾರ ಹಾಕಿಸ್ತಾರ್ರಿ ಅಕ್ಕಾರ? ಬ್ಯಾರೇ ಏನರ ಕೇಳ್ರಿ, ಇಲ್ಲ ಅನ್ನಂಗಿಲ್ಲ," ಎಂದ.

ಅವನ ನಯವಾದ ಮಾತು ಮುಗಿಯುವ ಹೊತ್ತಿಗೆ ಸಂಜೆಯಾಯಿತು. ಸೇತುವೆ ದಾಟಿ ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ಊಟ ಮಾಡದ ಜೈನರ ಮನೆ ಅದು. ರತ್ನಾಬಾಯಿ ಬರೀ ಹೊಟ್ಟೆಯಲ್ಲಿ ಮಲಗಿದಳು. ಸೋತೆನೆಂದು ಮಾತ್ರ ಅನಿಸಲಿಲ್ಲ, ಸಿಟ್ಟು ಬಂದಿತ್ತು.

ಮುಂದಿನ ರವಿವಾರ ಗುರುಬಸಪ್ಪ ಗಿರಾಕಿಗಳನ್ನು ಕರೆದುಕೊಂಡು ಬಂದ. ಕುಪವಾಡದ ಕಾರ್ಖಾನೆಯೊಂದರ ಫೋರಮನ್ ಓಂಪ್ರಕಾಶ ಮತ್ತು ಅವನ ಹೆಂಡತಿ ಕಾಂಚನ. ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ರತ್ನಾಬಾಯಿ ಸುಮ್ಮನೆ ನೋಡುತ್ತಿದ್ದಳು. "ಇಲ್ಲಿ ಅಡಗಿಮನಿ, ಅಲ್ಲಿ ತುಳಸಿಕಟ್ಟಿ," ಎಂದು ಗುರುಬಸಪ್ಪ ಕೈಮಾಡಿ ತೋರಿಸಿದ. ತುಳಸಿಕಟ್ಟೆಯ ಜಾಗಕ್ಕೆ ಕಾಲಿಟ್ಟ ಕಾಂಚನಾಳ ಕಾಲು ಕಣಕಾಲಿನವರೆಗೆ ಕೆಸರಿನಲ್ಲಿ ಇಳಿಯಿತು. ಕಾಲು ಬಂತು, ಚಪ್ಪಲಿ ಬರಲಿಲ್ಲ.

ರತ್ನಾಬಾಯಿ ಕುಡುಗೋಲು ಇಟ್ಟು ಬಂದಳು. ಕೆಸರಿಗೆ ಕೈಹಾಕಿ ಚಪ್ಪಲಿ ತೆಗೆದು ಹಳ್ಳದಲ್ಲಿ ತೊಳೆದುಕೊಟ್ಟಳು.

"ನೀವು ಇಲ್ಲಿಯವರ. ಖರೇ ಹೇಳ್ರಿ, ಈ ಜಾಗಾ ಹ್ಯಾಂಗ್ರಿ?" ಎಂದು ಕಾಂಚನ ಕೇಳಿದಳು.

ಗುರುಬಸಪ್ಪನ ಮುಖ ಸಣ್ಣದಾಯಿತು. ರತ್ನಾಬಾಯಿ ಒಂದು ಗಳಿಗೆ ಯೋಚಿಸಿದಳು. ಇವನ ವ್ಯಾಪಾರ ಕೆಡಿಸಿದರೆ ತನಗೇನು ಬಂತು?

"ಜಾಗಾ ಚಲೋ ಐತ್ರಿ. ಆದ್ರ ಈಗ ಕಟ್ಟಿದ್ರ ಗ್ವಾಡಿಗೆ ಉಪ್ಪ ಏರತೈತಿ. ಸಾವಕಾರ್ರು ನಮ್ಮ ಜೋಡಿ ಪೈಪ್ ಹಾಕಸೂದೈತಿ. ಹಾಕಿದ ಮ್ಯಾಲ ನೆಲಾ ಆರತೈತಿ, ಆವಾಗ ತಗೋರಿ."

ಓಂಪ್ರಕಾಶ ಗುರುಬಸಪ್ಪನ ಕಡೆ ತಿರುಗಿದ. "ಹೌದೇನ್ರಿ? ಹಂಗಿದ್ರ ನಾವು ಒಂದು ಮಳಿಗಾಲ ಕಾಯ್ತೇವ್ರಿ."

ಅವರು ಹೋದ ಮೇಲೆ ಗುರುಬಸಪ್ಪ ಧೋತರದ ತುದಿಗೆ ಮೆತ್ತಿದ ಕೆಸರು ಕೊಡವುತ್ತ, "ಗಿರಾಕಿ ಮುಂದ ನನ್ನ ಮಾನ ಕಳದ್ರಲ್ಲಾ ಅಕ್ಕಾರ," ಎಂದ.

"ಕಳದದ್ದು ಚಪ್ಪಲಿ ಒಂದ್ರಿ. ಅದೂ ಸಿಕ್ತು."

ಗುರುಬಸಪ್ಪನಿಗೆ ನಗು ತಡೆಯಲಾಗಲಿಲ್ಲ. ಆದರೂ ವ್ಯಾಪಾರಿ, ಪೈಪು ಗಡಿಗುಂಟ ಹೋಗಬೇಕು, ಮೇಲೆ ಮಣ್ಣು ಮುಚ್ಚಬೇಕು ಎಂದು ಚೌಕಾಸಿ ಮಾಡಿಯೇ ಒಪ್ಪಿದ.

ಮಳೆಗೆ ಮುಂಚೆ ಕೆಲಸ ಮುಗಿಯಿತು. ಮೊದಲ ನೀರು ಹಳ್ಳಕ್ಕೆ ಬಿದ್ದ ದಿನ ಊರಿಗೆ ಊರೇ ನೋಡಲು ಬಂದಿತ್ತು. ಬಾಪೂಸಾಹೇಬರು ಬೊಗಸೆಯೊಡ್ಡಿ ಒಂದು ಗುಟುಕು ಬಾಯಿಗೆ ಹಾಕಿ, ತಕ್ಷಣ ಉಗುಳಿದರು. "ರತ್ನಾ, ರತ್ನಾಗಿರಿ ಸಮುದ್ರ ಇಲ್ಲೇ ಇತ್ತಲ್ಲ," ಎಂದರು. ಅವರು ಅಷ್ಟು ಜನರ ಮುಂದೆ ಹಾಸ್ಯ ಮಾಡಿದ್ದು ಅದೇ ಮೊದಲು.

ಹೊಲ ಒಂದೇ ಸಲಕ್ಕೆ ಸುಧಾರಿಸಲಿಲ್ಲ. ಮೊದಲ ವರ್ಷ ಛಾಯಾ ಹೇಳಿದಂತೆ ಸೆಣಬು ಬಿತ್ತಿ, ಹಸಿರಿದ್ದಾಗಲೇ ಗೊಬ್ಬರವಾಗಲೆಂದು ಮಣ್ಣಿಗೆ ಸೇರಿಸಿದರು. ಮರುವರ್ಷ ಗೋಧಿ ಅಲ್ಲಲ್ಲಿ ಬೋಳು ಬಿಟ್ಟು ಬಂತು. ಮೂರನೆಯ ವರ್ಷ ಬದನೆ ಹಚ್ಚಿದರು. ಗಿಡ ಬಾಗುವ ಹಾಗೆ ಕಾಯಿ ಹಿಡಿಯಿತು.

ಕಾಯಿ ನೋಡಿ ಬಾಪೂಸಾಹೇಬರಿಗೆ ಹಳೆಯ ಆಸೆ ಹುಟ್ಟಿತು. "ಇನ್ನ ಕಬ್ಬು ಹಚ್ಚೂಣೇನು?"

"ಹಚ್ಚೂಣ್ರಿ. ಆದ್ರ ನೀರಿನ ಕೀಲಿ ನನ್ನ ಕಡೆ ಇರತೈತಿ."

ಅವರು ಒಪ್ಪಿ, ಒಂದು ಮೂಲೆಯಲ್ಲಿ ಕಬ್ಬು ಹಚ್ಚಿದರು. ಹಳ್ಳದ ದಂಡೆಯಲ್ಲಿ ಆ ಹೊತ್ತಿಗೆ ಮನೆಗಳ ಸಾಲು ಎದ್ದಿತ್ತು. ಬೆಳಿಗ್ಗೆ ರತ್ನಾಬಾಯಿ ಅಲ್ಲಿ ಬದನೆಯ ಬುಟ್ಟಿ ಇಳಿಸಿದರೆ ಕಾಂಚನ ಎಲ್ಲರಿಗಿಂತ ಮೊದಲು ಬಂದು, ಎಳೆಯ ಕಾಯಿ ಆರಿಸುತ್ತ ನಿಲ್ಲುತ್ತಿದ್ದಳು. ಅಷ್ಟರಲ್ಲಿ ಹತ್ತಿರದ ಹರಿಪುರದ ರೈತರು ಯಾರಾದರೂ ಪೈಪು ನೋಡಲು ಬಂದರೆ, ರತ್ನಾಬಾಯಿ ತಕ್ಕಡಿಯನ್ನು ಗಂಡನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, "ಬರ್ರಿ, ತೋರಸ್ತೇನಿ," ಎಂದು ಮುಂದೆ ನಡೆಯುತ್ತಿದ್ದಳು.