ಮಿಡ್‌ಫೀಲ್ಡಿನ ಜಾರಪ್ಪಣ್ಣ
ಕೊಲ್ಲಿ ದೇಶದ ಮಿರ್ಕಾಬ್ ಪೇಟೆಯ ಉಡುಪಿ ಹೋಟೆಲಿನಲ್ಲಿ ಜಾರಪ್ಪಣ್ಣ ನಿಲ್ಲುತ್ತಿದ್ದದ್ದು ಅಡುಗೆಮನೆಗೂ ಮೇಜುಗಳಿಗೂ ನಡುವಿನ ಕಿಟಕಿಯ ಬಳಿ. ಅದನ್ನು ಅವರು ಮಿಡ್‌ಫೀಲ್ಡ್ ಎನ್ನುತ್ತಿದ್ದರು. ಒಳಗಿನಿಂದ ಬಂದ ದೋಸೆಯನ್ನು ಸಪ್ಲೈಯರ್ ಸುಕೇಶನ ಕೈಗೆ ದಾಟಿಸುವಾಗಲೆಲ್ಲ ಇಟಲಿಯ ಹಳೆಯ ಫುಟ್‌ಬಾಲ್ ಮಿಡ್‌ಫೀಲ್ಡ್ ಆಟಗಾರ ಫೆರಾಲ್ದಿಯ ಚರಿತ್ರೆಯ ಒಂದು ತುಂಡೂ ಜೊತೆಗೆ ಬರುತ್ತಿತ್ತು. "ಹದಿನಾಲ್ಕು ವರ್ಷ ಆಡಿದ್ದಾನೆ ಮಾರಾಯ, ಗೋಲು ಎರಡೇ ಎರಡು. ಆದ್ರೆ ಅವನು ಕೊಟ್ಟ ಚೆಂಡಲ್ಲಿ ಬೇರೆಯವರು ಹೊಡೆದದ್ದಕ್ಕೆ ಲೆಕ್ಕ ಉಂಟಾ?" ಕೇಳಿ ಕೇಳಿ ಸುಕೇಶನಿಗೆ ತನ್ನಪ್ಪನ ಮೊಣಕಾಲಿಗಿಂತ ಫೆರಾಲ್ದಿಯ ಮೊಣಕಾಲಿನ ಆಪರೇಷನ್ನೇ ಚೆನ್ನಾಗಿ ಗೊತ್ತಿತ್ತು. ತೊಂಬತ್ತರ ವಿಶ್ವಕಪ್ಪಿನಲ್ಲಿ ಇಟಲಿ ಸೋತ ಮರುದಿನ ಕಿಟಕಿಯಿಂದ ಚಟ್ನಿಯೇ ಹೊರಗೆ ಬರಲಿಲ್ಲ. ಕೇಳಿದವರಿಗೆಲ್ಲ "ಖಲಾಸ್" ಎಂಬ ಒಂದೇ ಉತ್ತರ. ಅದಾಗಿ ತಿಂಗಳಿಗೆ ಇರಾಕಿನ ಸೈನ್ಯ ಊರಿಗೆ ನುಗ್ಗಿತು, ಹೋಟೆಲಿಗೆ ಬೀಗ ಬಿತ್ತು. ತಾಯ್ನಾಡಿನ ವಿಮಾನ ಹಿಡಿಯಲು ಅಮ್ಮಾನಿಗೆ ಹೊರಡುವ ಬಸ್ಸಿನ ಪಟ್ಟಿಯಲ್ಲಿ ಮೂರು ಸಲ ಜಾರಪ್ಪಣ್ಣನ ಹೆಸರು ಬಂತು. ಮೂರು ಸಲವೂ ಆ ಸೀಟನ್ನು ಅವರು ಬೇರೆಯವರಿಗೆ ದಾಟಿಸಿದರು: ಮೊದಲು ಒಬ್ಬ ಬಾಣಂತಿಗೆ, ಆಮೇಲೆ ಸಕ್ಕರೆ ಕಾಯಿಲೆಯ ಮುದುಕರೊಬ್ಬರಿಗೆ, ಕೊನೆಗೆ ಸುಕೇಶನಿಗೇ. ಹೊರಟ ಬಸ್ಸಿನ ಕಿಟಕಿಯಿಂದ ಬಗ್ಗಿ ಅವನು "ಅಣ್ಣಾ, ನೀವು?" ಎಂದು ಕೂಗಿದ. ಜಾರಪ್ಪಣ್ಣ ರೇಗಿಬಿಟ್ಟರು. "ಚೆಂಡು ಸಿಕ್ಕಿದ ಮೇಲೆ ಹಿಂದೆ ನೋಡುದಾ? ಓಡು ಮಾರಾಯ, ಓಡು!"